ಸರ್ವರ್ ಜೋಡಿಗೆ ಮೂರನೆಯ ಮತ ಬೇಕು

ಮಾನ್ಯ ಸಂಪಾದಕರೇ,

ಕಚೇರಿಗಳ ಕಿಟಕಿಯಲ್ಲಿ ‘ಸರ್ವರ್ ಡೌನ್’ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಹಿಂದಿರುಗುವವರ ಪಾಡಿನ ಬಗ್ಗೆ ತಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಆಗಾಗ ಪತ್ರಗಳು ಬರುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಒಂದೇ ಬೇಡಿಕೆಯಲ್ಲಿ: ಇನ್ನೊಂದು ಸರ್ವರ್ ಹಾಕಿಸಿ. ಇಪ್ಪತ್ತೆರಡು ವರ್ಷ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸವನ್ನೇ ಮಾಡಿ ನಿವೃತ್ತನಾದವನಾಗಿ ನಾನು ತಿಳಿಸಬಯಸುವುದೇನೆಂದರೆ, ಆ ಇನ್ನೊಂದು ಸರ್ವರ್ ಎಷ್ಟೋ ಕಡೆ ಈಗಾಗಲೇ ಬಂದು ಕುಳಿತಿದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳಲೆಂದು ಎರಡಕ್ಕೂ ಹಣ ಕೊಟ್ಟದ್ದೂ ಆಗಿದೆ. ಆದರೆ ಯಾವಾಗ ವಹಿಸಿಕೊಳ್ಳಬೇಕು, ಎದುರಿನ ಯಂತ್ರ ಬದುಕಿದೆಯೋ ಇಲ್ಲವೋ ಎಂಬುದನ್ನು ಯಾವ ತಂತಿಯ ಮೂಲಕ ವಿಚಾರಿಸಬೇಕು, ಎಷ್ಟು ಹೊತ್ತು ಕಾಯಬೇಕು, ಉತ್ತರ ಬಾರದಿದ್ದರೆ ಯಾರ ಮಾತು ನಡೆಯಬೇಕು ಎಂಬುದನ್ನು ಯಾರೂ ಕುಳಿತು ಯೋಚಿಸಿ ಬರೆದಿರುವುದಿಲ್ಲ.

ಲಿನಕ್ಸ್ ಸರ್ವರ್‌ಗಳ ಗುಂಪಿನಲ್ಲಿ, ಎಂದರೆ ಕ್ಲಸ್ಟರ್‌ನಲ್ಲಿ, ಈ ಕೆಲಸವನ್ನು ಸಾಮಾನ್ಯವಾಗಿ ಎರಡು ತಂತ್ರಾಂಶಗಳು ಹಂಚಿಕೊಳ್ಳುತ್ತವೆ. ಗುಂಪಿನಲ್ಲಿ ಈಗ ಯಾರು ಯಾರಿದ್ದಾರೆ ಎಂಬ ಸದಸ್ಯರ ಪಟ್ಟಿ ಮತ್ತು ಅವರೊಳಗಿನ ಮಾತುಕತೆ ಕೊರೊಸಿಂಕ್‌ನ ಪಾಲು. ಯಾವ ಸೇವೆ ಯಾವ ಯಂತ್ರದ ಮೇಲೆ ನಡೆಯಬೇಕೆಂಬ ತೀರ್ಮಾನ ಪೇಸ್‌ಮೇಕರ್‌ನ ಪಾಲು. ಕೊರೊಸಿಂಕ್‌ನ ಸಂರಚನೆ, ಎಂದರೆ ಅದು ಹೇಗೆ ನಡೆಯಬೇಕೆಂಬ ಸೂಚನೆಗಳೆಲ್ಲ, ಒಂದೇ ಕಡತದಲ್ಲಿರುತ್ತದೆ. ಎರಡು ಯಂತ್ರಗಳ ಗುಂಪಿಗೆ ಅದು ಒಂದು ಪುಟ ತುಂಬುವುದೂ ಕಷ್ಟ. ನೂರಾರು ಪುಟದ ಟೆಂಡರ್ ದಾಖಲೆಯಲ್ಲಿ ಪ್ರೊಸೆಸರ್ ಎಷ್ಟು, ರ್‍ಯಾಮ್ ಎಷ್ಟು, ರ್‍ಯಾಕ್‌ನ ಎತ್ತರವೆಷ್ಟು ಎಂಬುದೆಲ್ಲ ಇರುತ್ತದೆ. ಈ ಒಂದು ಪುಟದಲ್ಲಿ ಏನಿರಬೇಕೆಂಬುದರ ಬಗ್ಗೆ ಒಂದು ಸಾಲೂ ಇದ್ದದ್ದನ್ನು ನಾನು ನೋಡಿಲ್ಲ.

ಅದರ ಫಲ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಮಲೆನಾಡಿನ ಒಂದು ಸಹಕಾರ ಸಂಸ್ಥೆಯಲ್ಲಿ ಎರಡು ಸರ್ವರ್‌ಗಳಿದ್ದವು. ಒಂದರ ಡಿಸ್ಕಿನಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯುವಂತೆ ಡಿಆರ್‌ಬಿಡಿ ಎಂಬ ವ್ಯವಸ್ಥೆ ಇತ್ತು. ಈ ನಕಲಿನ ದಾರಿಯೂ ಕೊರೊಸಿಂಕ್‌ನ ಮಾತುಕತೆಯ ದಾರಿಯೂ ಒಂದೇ ಆಗಿತ್ತು: ಜಾಲದ ತಂತಿಗಳನ್ನು ಒಂದಕ್ಕೊಂದು ಕೂಡಿಸುವ, ಎಂಟು ಪೋರ್ಟಿನ ಒಂದು ಪುಟ್ಟ ಸ್ವಿಚ್ ಪೆಟ್ಟಿಗೆ. ಸರ್ವರ್‌ಗಳು, ಕೌಂಟರ್‌ಗಳ ಕಂಪ್ಯೂಟರ್‌ಗಳು, ಕಚೇರಿಯ ದೊಡ್ಡ ಸ್ವಿಚ್ ಎಲ್ಲವೂ ಯುಪಿಎಸ್ ಮೇಲಿದ್ದವು. ಆ ಪುಟ್ಟ ಸ್ವಿಚ್‌ನ ಅಡಾಪ್ಟರನ್ನು ಮಾತ್ರ ಯಾರೋ ಟೇಬಲ್ ಫ್ಯಾನ್ ಸಿಕ್ಕಿಸುವ ಪಕ್ಕದ ಸಾಕೆಟ್‌ಗೆ ಸಿಕ್ಕಿಸಿದ್ದರು. ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಅದರ ಜೊತೆಗೆ ಆ ಸ್ವಿಚ್ಚೂ ನಿಂತಿತು. ಎರಡು ಸರ್ವರ್‌ಗಳೂ ಆರೋಗ್ಯವಾಗಿಯೇ ಇದ್ದವು. ಆದರೆ ಒಂದಕ್ಕೊಂದು ಕಾಣಿಸದಾದವು. ಮೊದಲನೆಯದು ‘ಎರಡನೆಯದು ಸತ್ತಿದೆ, ನಾನು ಮುಂದುವರಿಯುತ್ತೇನೆ’ ಎಂದುಕೊಂಡಿತು. ಎರಡನೆಯದು ‘ಮೊದಲನೆಯದು ಸತ್ತಿದೆ, ಇನ್ನು ನನ್ನ ಸರದಿ’ ಎಂದುಕೊಂಡು ತನ್ನ ಡೇಟಾಬೇಸನ್ನು ಚಾಲೂ ಮಾಡಿ, ಕೌಂಟರ್‌ಗಳು ಸರ್ವರನ್ನು ಹುಡುಕಿ ಹಿಡಿಯುವ ಅದೇ ಐಪಿ ವಿಳಾಸವನ್ನು ತಾನೂ ಧರಿಸಿತು.

ಒಂದು ಗಂಟೆ ಇಪ್ಪತ್ತು ನಿಮಿಷ ಯಾರಿಗೂ ಏನೂ ಗೊತ್ತಾಗಲಿಲ್ಲ, ಏಕೆಂದರೆ ಎಲ್ಲ ಕೌಂಟರ್‌ಗಳೂ ಕೆಲಸ ಮಾಡುತ್ತಲೇ ಇದ್ದವು: ಕೆಲವು ಈ ಸರ್ವರ್‌ನೊಂದಿಗೆ, ಕೆಲವು ಆ ಸರ್ವರ್‌ನೊಂದಿಗೆ. ಕರೆಂಟು ಬಂತು, ಫ್ಯಾನು ತಿರುಗಿತು, ಸ್ವಿಚ್‌ನ ಹಸಿರು ದೀಪಗಳು ಹೊತ್ತಿಕೊಂಡವು. ಯಂತ್ರಗಳು ಪರಸ್ಪರ ಕಂಡುಕೊಂಡು, ಸೇವೆ ಎರಡೂ ಕಡೆ ನಡೆಯುತ್ತಿರುವುದನ್ನು ಪೇಸ್‌ಮೇಕರ್ ಗಮನಿಸಿ, ಎರಡನ್ನೂ ನಿಲ್ಲಿಸಿ ಒಂದನ್ನು ಮಾತ್ರ ಮತ್ತೆ ಎಬ್ಬಿಸಿತು. ಡಿಸ್ಕುಗಳೆರಡೂ ಬೇರೆ ಬೇರೆ ದಾರಿ ಹಿಡಿದಿರುವುದನ್ನು ಕಂಡ ಡಿಆರ್‌ಬಿಡಿ ನಕಲು ಮಾಡುವುದನ್ನೇ ಕೈಬಿಟ್ಟಿತು. ಆಗ ಶುರುವಾಯಿತು ಗಲಾಟೆ. ಮೂರನೆಯ ಕೌಂಟರ್‌ನ ನಗದು ಗುಮಾಸ್ತರು ಓಡಿ ಬಂದು, ತಾವು ಹನ್ನೊಂದು ಗಂಟೆಯಿಂದ ಹಾಕಿದ ರಸೀದಿಗಳು ಪರದೆಯ ಮೇಲಿಂದ ಮಾಯವಾಗಿವೆ ಎಂದರು. ಅವರ ಕೈಯಲ್ಲಿದ್ದ ರಸೀದಿ ಪ್ರತಿಯ ಸಂಖ್ಯೆ 4186. ಪರದೆಯ ಮೇಲೂ 4186 ಇತ್ತು, ಆದರೆ ಅದು ಒಂದನೆಯ ಕೌಂಟರ್‌ನಲ್ಲಿ ಬೇರೊಬ್ಬರು ಕಟ್ಟಿದ ಗೊಬ್ಬರದ ಹಣಕ್ಕೆ ಕೊಟ್ಟದ್ದಾಗಿತ್ತು. ಇವರ ಕೈಯಲ್ಲಿದ್ದದ್ದು ರೈತರೊಬ್ಬರ ಸಾಲದ ಕಂತಿನ ರಸೀದಿ. ಆ ದಿನ ರಾತ್ರಿ ಹನ್ನೊಂದರವರೆಗೆ ನಾವು ನಾಲ್ಕು ಜನ ಕುಳಿತು, ಕಾರ್ಬನ್ ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡು, ಎರಡನೆಯ ಡಿಸ್ಕಿನಲ್ಲಿ ಉಳಿದುಹೋಗಿದ್ದ ನಮೂದುಗಳನ್ನು ಒಂದೊಂದಾಗಿ ಕೈಯಿಂದ ಸೇರಿಸಿದೆವು. ಕಾರ್ಬನ್ ಪ್ರತಿ ಇಟ್ಟುಕೊಳ್ಳುವ ಹಳೆಯ ಅಭ್ಯಾಸವನ್ನು ಬಿಡಿಸಬೇಕೆಂದು ಅದೇ ವರ್ಷ ನಾನೇ ಆಡಳಿತ ಮಂಡಳಿಗೆ ಟಿಪ್ಪಣಿ ಕೊಟ್ಟಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಇಂಥದ್ದಕ್ಕೆ ನಮ್ಮ ವೃತ್ತಿಯಲ್ಲಿ ಸ್ಪ್ಲಿಟ್ ಬ್ರೇನ್, ಎಂದರೆ ಇಬ್ಭಾಗವಾದ ಮಿದುಳು, ಎನ್ನುತ್ತಾರೆ. ತಪ್ಪು ಸ್ವಿಚ್‌ನದ್ದೆಂದು ಅಂದು ಎಲ್ಲರೂ ಹೇಳಿದರು, ಅಡಾಪ್ಟರನ್ನು ಯುಪಿಎಸ್‌ಗೆ ಬದಲಾಯಿಸಿ ಕೈತೊಳೆದುಕೊಳ್ಳಲು ಸಿದ್ಧರಾದರು. ಆದರೆ ಸ್ವಿಚ್ ಎಂದಾದರೂ ಕೆಡುವುದೇ. ತಪ್ಪು ಇದ್ದದ್ದು ಸಂರಚನೆಯಲ್ಲಿ. ಅದರಲ್ಲಿ ಟೂ ನೋಡ್ ಎಂಬ ಸಾಲಿನ ಮುಂದೆ 1 ಎಂದು ಬರೆದಿತ್ತು, ಮತ್ತು ಪೇಸ್‌ಮೇಕರ್‌ನ ಸಂರಚನೆಯಲ್ಲಿ ಫೆನ್ಸಿಂಗ್‌ನ ಸಾಲಿನ ಮುಂದೆ ‘ಬೇಡ’ ಎಂದಿತ್ತು. ಈ ಎರಡು ಸಾಲುಗಳು ಸೇರಿ ಏನು ಮಾಡುತ್ತವೆಂಬುದು ಸಾಮಾನ್ಯ ಓದುಗರಿಗೂ ಅರ್ಥವಾಗುವಂಥದ್ದೇ ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಗುಂಪಿನ ಯಂತ್ರಗಳು ಬೇರ್ಪಟ್ಟಾಗ ಯಾವ ಭಾಗ ಕೆಲಸ ಮುಂದುವರಿಸಬೇಕೆಂಬುದನ್ನು ಬಹುಮತ ನಿರ್ಧರಿಸುತ್ತದೆ. ಇದಕ್ಕೆ ಇರುವ ಹೆಸರೂ ನಮ್ಮ ಸಂಘಗಳ ಸರ್ವಸದಸ್ಯರ ಸಭೆಯಲ್ಲಿ ಕೇಳಿ ಪರಿಚಯವಿರುವ ಕೋರಂ ಎಂಬುದೇ. ಮೂರು ಯಂತ್ರಗಳಿದ್ದರೆ ಎರಡು ಮತ, ಐದಿದ್ದರೆ ಮೂರು ಮತ ಬೇಕು. ನಾಲ್ಕಿದ್ದರೂ ಮೂರೇ ಬೇಕು. ಆದ್ದರಿಂದ ಮೂರರಿಂದ ನಾಲ್ಕಕ್ಕೆ ಏರಿಸಿದವರಿಗೆ ಸಹಿಸಬಲ್ಲ ಸಾವುಗಳ ಸಂಖ್ಯೆಯಲ್ಲಿ ಏನೂ ಲಾಭವಿಲ್ಲ. ಎರಡು ಯಂತ್ರಗಳ ಸಂಸಾರದಲ್ಲಿ ಮಾತ್ರ ಈ ಲೆಕ್ಕ ನಡೆಯುವುದೇ ಇಲ್ಲ: ಬಹುಮತಕ್ಕೆ ಎರಡೂ ಬೇಕು, ಒಂದು ಸತ್ತರೆ ಉಳಿದದ್ದಕ್ಕೆ ಕೋರಂ ಇಲ್ಲ, ಹಾಗಾದರೆ ಎರಡನೆಯದನ್ನು ಕೊಂಡದ್ದೇಕೆ? ಈ ಇಕ್ಕಟ್ಟಿಗೆಂದೇ ಟೂ ನೋಡ್ ಎಂಬ ವಿನಾಯಿತಿ ಕೊರೊಸಿಂಕ್‌ನಲ್ಲಿದೆ. ಅದನ್ನು ಹಾಕಿದರೆ ಒಂದೇ ಮತಕ್ಕೂ ಕೋರಂ ಸಿಗುತ್ತದೆ. ಸಂಘದ ಸಭೆಗಳಲ್ಲಿ ಅರ್ಧ ಗಂಟೆ ಕಾದು, ಬಂದಷ್ಟೇ ಜನರಿಂದ ಕಲಾಪ ನಡೆಸುವ ರೂಢಿ ನಮ್ಮಲ್ಲಿದೆಯಲ್ಲ, ಇದೂ ಹಾಗೆಯೇ. ವ್ಯತ್ಯಾಸವೆಂದರೆ ಸಭೆಗೆ ಬಾರದವರು ಅದೇ ಹೊತ್ತಿಗೆ ಬೇರೊಂದು ಕೋಣೆಯಲ್ಲಿ ಕುಳಿತು, ಅದೇ ಠರಾವು ಪುಸ್ತಕದ ಇನ್ನೊಂದು ಪ್ರತಿಯಲ್ಲಿ ಬೇರೆಯೇ ಠರಾವು ಬರೆಯುತ್ತಿರುವುದಿಲ್ಲ.

ಹಾಗೆ ಬರೆಯದಂತೆ ತಡೆಯುವುದಕ್ಕೆ ಇರುವ ಉಪಾಯವೇ ಫೆನ್ಸಿಂಗ್. ಎದುರಿನ ಯಂತ್ರದಿಂದ ಉತ್ತರ ಬಾರದಿದ್ದಾಗ ಅದು ಸತ್ತಿದೆ ಎಂದು ಊಹಿಸಿ ಕೂರುವ ಬದಲು, ಅದರ ವಿದ್ಯುತ್ತನ್ನೇ ಕಡಿದು ಸತ್ತಿರುವುದನ್ನು ಖಚಿತಪಡಿಸಿಕೊಂಡು ಆಮೇಲೆ ಡಿಸ್ಕಿಗೆ ಕೈ ಹಾಕುವುದು. ಕೇಳಲು ಕ್ರೂರವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಸ್ಟೊನಿತ್ ಎಂಬ ಸಂಕ್ಷಿಪ್ತ ಹೆಸರಿನ ಪೂರ್ಣರೂಪವಂತೂ ಎದುರಿನ ಯಂತ್ರದ ತಲೆಗೆ ಗುಂಡು ಹಾಕುವುದೆಂದೇ. ಆದರೆ ಮೌನವಾಗಿರುವ ಯಂತ್ರ ಸತ್ತಿದೆಯೋ, ನಿಧಾನವಾಗಿದೆಯೋ, ಅಥವಾ ತಂತಿ ಮಾತ್ರ ಹರಿದಿದೆಯೋ ಎಂಬುದನ್ನು ಈ ಕಡೆ ಕುಳಿತು ತಿಳಿಯಲು ಬರುವುದಿಲ್ಲ. ಸಂದೇಶ ತಲುಪುವ ಹೊತ್ತಿಗೆ ಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಕೆಡುವ ಸಾಧ್ಯತೆಯಿದ್ದರೂ ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆಂದು ಖಾತರಿ ಕೊಡಬಲ್ಲ ವಿಧಾನವಿಲ್ಲವೆಂದು ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ 1985ರಲ್ಲೇ ಗಣಿತದಿಂದ ಸಾಧಿಸಿ ತೋರಿಸಿದ್ದಾರೆ. ಹಾಗಿರುವಾಗ ನಮ್ಮೂರಿಗೆ ಬಂದ ಎಂಜಿನಿಯರ್, ಪರೀಕ್ಷೆಯ ವೇಳೆ ಸರ್ವರ್ ತಾನಾಗಿಯೇ ಆರಿಹೋಗುತ್ತದೆಂಬ ಕಿರಿಕಿರಿಗೆ ಫೆನ್ಸಿಂಗನ್ನು ನಿಲ್ಲಿಸಿ, ಆಮೇಲೆ ಚಾಲೂ ಮಾಡಲು ಮರೆತು ಬಸ್ಸು ಹತ್ತಿದ್ದರು. ಅವರೊಬ್ಬರನ್ನೇ ದೂರಲಾರೆ, ಕೆಲಸ ಒಪ್ಪಿಸಿಕೊಂಡ ಪತ್ರಕ್ಕೆ ಸಹಿ ಹಾಕಿದವನು ನಾನು.

ಫೆನ್ಸಿಂಗ್ ಹಾಕಿದರೂ ಎಲ್ಲ ಮುಗಿಯಿತೆಂದಲ್ಲ. ಸರ್ವರ್‌ನೊಳಗಿನ ನಿರ್ವಹಣಾ ಚಿಪ್‌ನ ಮೂಲಕ ವಿದ್ಯುತ್ತು ಕಡಿಯುವುದು ಸಾಮಾನ್ಯ ಕ್ರಮ. ಆದರೆ ಆ ಸರ್ವರ್‌ಗೆ ಬರುವ ವಿದ್ಯುತ್ತೇ ಪೂರ್ತಿ ಹೋದಾಗ ಆ ಚಿಪ್ಪೂ ಸತ್ತಿರುತ್ತದೆ, ‘ಕಡಿದಾಯಿತು’ ಎಂದು ಹೇಳುವವರೇ ಇರುವುದಿಲ್ಲ, ಬದುಕಿರುವ ಯಂತ್ರ ಕಾಯುತ್ತಲೇ ಕೂರುತ್ತದೆ. ತಂತಿ ಮಾತ್ರ ಹರಿದಾಗ ಎರಡೂ ಏಕಕಾಲಕ್ಕೆ ಪರಸ್ಪರ ಗುಂಡು ಹಾರಿಸಿ ಎರಡೂ ಆರಿಹೋಗುವುದೂ ಉಂಟು. ಒಂದಕ್ಕೆ ಕೆಲವು ಸೆಕೆಂಡು ತಡಮಾಡುವಂತೆ ಬರೆದಿಟ್ಟರೆ ಅದು ತಪ್ಪುತ್ತದೆ.

ಇನ್ನು ಕಾಯುವ ಅವಧಿಯ ಮಾತು. ಕೊರೊಸಿಂಕ್‌ನ ತಳಹದಿ ಟೋಟೆಮ್ ಎಂಬ ವಿಧಾನ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ರೂಪುಗೊಂಡದ್ದು. ಯಂತ್ರಗಳು ಉಂಗುರದಂತೆ ಕುಳಿತಿವೆಯೆಂದು ಭಾವಿಸಿ ಒಂದು ಟೋಕನ್ ಕೈಯಿಂದ ಕೈಗೆ ಸುತ್ತುತ್ತಿರುತ್ತದೆ. ಟೋಕನ್ ಕೈಯಲ್ಲಿದ್ದವರು ಮಾತ್ರ ಮಾತಾಡಬೇಕು. ನಿಗದಿತ ಅವಧಿಯಲ್ಲಿ ಟೋಕನ್ ಮರಳಿ ಬಾರದಿದ್ದರೆ ಯಾರೋ ಇಲ್ಲವಾಗಿದ್ದಾರೆಂದು ತೀರ್ಮಾನಿಸಿ ಉಳಿದವರು ಹೊಸ ಸದಸ್ಯರ ಪಟ್ಟಿ ಮಾಡಿಕೊಳ್ಳುತ್ತಾರೆ. ಈ ಅವಧಿ ಹಳೆಯ ಆವೃತ್ತಿಗಳಲ್ಲಿ, ಬೇರೇನೂ ಬರೆಯದಿದ್ದರೆ, 1000 ಮಿಲಿಸೆಕೆಂಡ್ ಇತ್ತು, 3.1ನೆಯ ಆವೃತ್ತಿಯಿಂದ ಅದನ್ನು 3000ಕ್ಕೆ ಏರಿಸಿದ್ದಾರೆ. ಎರಡಕ್ಕಿಂತ ಹೆಚ್ಚಿನ ಪ್ರತಿ ಯಂತ್ರಕ್ಕೂ ಇದರ ಮೇಲೆ 650 ಮಿಲಿಸೆಕೆಂಡ್ ಸೇರುತ್ತದೆ.

ಒಂದು ವಿದ್ಯಾಸಂಸ್ಥೆಯಲ್ಲಿ ಮೂರು ವರ್ಚುವಲ್ ಯಂತ್ರಗಳ, ಎಂದರೆ ತಂತ್ರಾಂಶದಿಂದಲೇ ರೂಪಿಸಿದ ಯಂತ್ರಗಳ, ಗುಂಪಿನಲ್ಲಿ ಪ್ರತಿ ರಾತ್ರಿ ಎರಡು ಗಂಟೆ ದಾಟುತ್ತಿದ್ದಂತೆ ಯಾವುದಾದರೊಂದು ಯಂತ್ರ ಸತ್ತು ಹುಟ್ಟುತ್ತಿತ್ತು. ನಡೆದದ್ದನ್ನೆಲ್ಲ ಯಂತ್ರ ತಾನೇ ದಾಖಲಿಸುವ ಲಾಗ್ ಕಡತದಲ್ಲಿ ‘ಎ ಪ್ರೊಸೆಸರ್ ಫೇಲ್ಡ್, ಫಾರ್ಮಿಂಗ್ ನ್ಯೂ ಕಾನ್ಫಿಗರೇಶನ್’ ಎಂದು ಬರೆದಿತ್ತು. ಅದನ್ನು ಓದಿದ ಅಲ್ಲಿನ ಸಿಬ್ಬಂದಿ, ಪ್ರೊಸೆಸರ್ ಕೆಟ್ಟಿದೆಯೆಂದು ತಿಳಿದು, ಸರ್ವರ್ ಮಾರಿದ ಕಂಪನಿಗೆ ಪತ್ರ ಬರೆದು ಹೊಸ ಪ್ರೊಸೆಸರ್ ತರಿಸಿಕೊಂಡು ಹಾಕಿಸಿಯೂ ಆಗಿತ್ತು! ಟೋಟೆಮ್‌ನ ಪರಿಭಾಷೆಯಲ್ಲಿ ಪ್ರೊಸೆಸರ್ ಎಂದರೆ ಗುಂಪಿನ ಒಬ್ಬ ಸದಸ್ಯ, ಇಡೀ ಯಂತ್ರ, ಅಷ್ಟೇ. ಮದರ್‌ಬೋರ್ಡಿನ ಮೇಲಿನ ಚಿಪ್ ಅಲ್ಲ. ನಿಜವಾಗಿ ನಡೆಯುತ್ತಿದ್ದದ್ದು ಇದು: ಎರಡು ಗಂಟೆಗೆ ಬ್ಯಾಕಪ್ ಶುರುವಾಗುವಾಗ ಸ್ನ್ಯಾಪ್‌ಶಾಟ್, ಎಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆಯಲು ವರ್ಚುವಲ್ ಯಂತ್ರವನ್ನು ಮೂರ್ನಾಲ್ಕು ಸೆಕೆಂಡು ಸ್ತಬ್ಧಗೊಳಿಸುತ್ತಿದ್ದರು, ಹಳೆಯ ಆವೃತ್ತಿಯ ಲೆಕ್ಕದಲ್ಲಿ ಮೂರು ಯಂತ್ರಗಳಿಗೆ ಟೋಕನ್‌ನ ಅವಧಿ 1650 ಮಿಲಿಸೆಕೆಂಡ್ ಮಾತ್ರ ಇತ್ತು, ನಿದ್ದೆಯಲ್ಲಿದ್ದವನನ್ನು ಸತ್ತವನೆಂದು ತಿಳಿದು ಉಳಿದಿಬ್ಬರು ಗುಂಡು ಹಾಕುತ್ತಿದ್ದರು. ಅದೇ ಲಾಗ್‌ನಲ್ಲಿ ಕೆಲವು ಸಾಲು ಮೇಲೆ, ಕೊರೊಸಿಂಕ್‌ಗೆ ಇಷ್ಟು ಮಿಲಿಸೆಕೆಂಡ್ ಕಾಲ ಓಡಲು ಅವಕಾಶವೇ ಸಿಗಲಿಲ್ಲ, ಟೋಕನ್ ಅವಧಿ ಹೆಚ್ಚಿಸುವುದನ್ನು ಯೋಚಿಸಿ ಎಂಬ ಸಲಹೆಯೂ ಇತ್ತು. ಅದನ್ನು ಯಾರೂ ಓದಿರಲಿಲ್ಲ.

ಹಾಗೆಂದು ಅವಧಿಯನ್ನು ಮನಬಂದಂತೆ ಹಿಗ್ಗಿಸುವುದೂ ಸರಿಯಲ್ಲ. ಟೋಕನ್ ಕಳೆದುಹೋಯಿತೆಂದು ತಿಳಿದ ಮೇಲೆ ಹೊಸ ಪಟ್ಟಿಗೆ ಒಮ್ಮತ ಮೂಡಲು ಇನ್ನೊಂದು ಅವಧಿ ಇದೆ. ಬೇರೆ ಹೇಳದಿದ್ದರೆ ಅದು ಟೋಕನ್ ಅವಧಿಯ 1.2 ಪಟ್ಟು. ಮೂರು ಯಂತ್ರಗಳಿಗೆ ಟೋಕನ್ 10000 ಎಂದು ಬರೆದರೆ 10650 ಮತ್ತು 12780 ಸೇರಿ ಹತ್ತಿರಹತ್ತಿರ 23 ಸೆಕೆಂಡು ಕಳೆದ ಮೇಲಷ್ಟೇ ಸತ್ತವನ ಹೆಸರು ಪಟ್ಟಿಯಿಂದ ಹೋಗುತ್ತದೆ. ಫೆನ್ಸಿಂಗ್ ಮತ್ತು ಡೇಟಾಬೇಸ್ ಏಳುವ ಹೊತ್ತು ಅದರ ಮೇಲೆ. ಕೌಂಟರ್‌ನಲ್ಲಿ ನಿಂತವರಿಗೆ ಒಂದೆರಡು ನಿಮಿಷ ಕಾಯುವುದು ದೊಡ್ಡ ಮಾತಲ್ಲ, ಎರಡು 4186 ಬರುವುದು ದೊಡ್ಡ ಮಾತು, ಎಂಬುದು ನನ್ನ ಅಭಿಪ್ರಾಯ. ತೀವ್ರ ನಿಗಾ ಘಟಕದ ಮಾನಿಟರ್‌ಗಳು ಸರ್ವರನ್ನು ನೆಚ್ಚಿಕೊಂಡಿರುವ ಆಸ್ಪತ್ರೆಯವರು ಬೇರೆ ತೀರ್ಮಾನಕ್ಕೆ ಬರಬಹುದು. ತೀರ್ಮಾನ ಯಾವುದಾದರೂ ಇರಲಿ, ಅದು ಆ ಸಂಸ್ಥೆಯವರದ್ದಾಗಿರಬೇಕು; ಇನ್‌ಸ್ಟಾಲ್ ಮಾಡಿದಾಗ ತಾನಾಗಿ ಬಂದ ಸಂಖ್ಯೆಯಾಗಿರಬಾರದು.

ತಂತಿಗಳ ವಿಷಯದಲ್ಲಿ ಹೇಳುವುದು ಬಹಳವಿದ್ದರೂ ಮುಖ್ಯವಾದ ಒಂದೆರಡನ್ನು ಮಾತ್ರ ಹೇಳುತ್ತೇನೆ. ಮೂರನೆಯ ತಲೆಮಾರಿನ ಕೊರೊಸಿಂಕ್‌ನಲ್ಲಿ ಕೆನೆಟ್ ಎಂಬ ಸಾಗಣೆ ಪದ್ಧತಿ ಬಂದ ಮೇಲೆ ಎಂಟರವರೆಗೆ ಬೇರೆ ಬೇರೆ ಲಿಂಕ್‌ಗಳನ್ನು ಬರೆಯಬಹುದು. ನಮ್ಮಲ್ಲಿ ಎರಡು ಸಾಕು: ಎರಡು ಸರ್ವರ್‌ಗಳ ನಡುವೆ ಸ್ವಿಚ್ಚೇ ಇಲ್ಲದೆ ನೇರವಾಗಿ ಎಳೆದ ಒಂದು ಕೇಬಲ್, ಮತ್ತು ಕಚೇರಿಯ ಸಾಮಾನ್ಯ ಜಾಲ. ನಮ್ಮ ಸಂಸ್ಥೆಯಲ್ಲಿ ಆ ಪ್ರಸಂಗದ ನಂತರ ಮಾಡಿದ ಮೊದಲ ಕೆಲಸ ಇದೇ. ತಗುಲಿದ ಖರ್ಚು ಒಂದು ಕೇಬಲ್‌ನದ್ದು. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಹಳೆಯ ಮಲ್ಟಿಕಾಸ್ಟ್ ಪದ್ಧತಿಯನ್ನೇ ಇಂದಿಗೂ ಇಟ್ಟುಕೊಂಡಿರುವವರು, ತಮ್ಮ ಸ್ವಿಚ್‌ನಲ್ಲಿ ಕೇಳುವವರಿಗೆ ಮಾತ್ರ ಆ ಸಂದೇಶ ಕಳಿಸುವ ಐಜಿಎಂಪಿ ಸ್ನೂಪಿಂಗ್ ಇದ್ದು, ಯಾರು ಕೇಳುತ್ತಿದ್ದೀರೆಂದು ಆಗಾಗ ವಿಚಾರಿಸುವ ಕ್ವೆರಿಯರ್ ಇಲ್ಲದಿರುವ ಸ್ಥಿತಿ ಇದೆಯೇ ಎಂದು ನೋಡಿಕೊಳ್ಳಬೇಕು. ಹಾಗಿದ್ದರೆ ಗುಂಪು ಸೊಗಸಾಗಿ ಕೂಡಿಕೊಂಡು, ನಾಲ್ಕೈದು ನಿಮಿಷ ಚೆನ್ನಾಗಿದ್ದು, ಆಮೇಲೆ ಸ್ವಿಚ್ ಆ ಸಂದೇಶಗಳನ್ನು ಕೇಳುವವರಿಲ್ಲವೆಂದು ತಿಳಿದು ನಿಲ್ಲಿಸಿಬಿಡುವುದರಿಂದ ಚದರಿಹೋಗುತ್ತದೆ. ಗುಂಪು ಕೂಡಿದ್ದನ್ನು ತೋರಿಸಿ ಸಹಿ ಹಾಕಿಸಿಕೊಂಡ ತಂತ್ರಜ್ಞರು ಕಾಫಿ ಕುಡಿದು ಮೆಟ್ಟಿಲಿಳಿಯಲು ಸರಿಯಾಗಿ ಅಷ್ಟು ಹೊತ್ತು ಸಾಕು.

ಇನ್ನೊಂದು, ಸಣ್ಣದಾಗಿ ಕಂಡರೂ ಇಡೀ ದಿನ ನುಂಗಿದ್ದು. ಸದಸ್ಯರ ಪಟ್ಟಿಯಲ್ಲಿ ಐಪಿ ವಿಳಾಸದ ಬದಲು ಯಂತ್ರದ ಹೆಸರನ್ನು ಬರೆದಿದ್ದರು. ಡೆಬಿಯನ್ ಎಂಬ ಲಿನಕ್ಸನ್ನು ಇನ್‌ಸ್ಟಾಲ್ ಮಾಡುವಾಗ, ಯಾವ ಹೆಸರಿಗೆ ಯಾವ ವಿಳಾಸವೆಂದು ಬರೆದಿಡುವ ಹೋಸ್ಟ್ಸ್ ಕಡತದಲ್ಲಿ, ಯಂತ್ರದ ಹೆಸರಿನ ಮುಂದೆ 127.0.1.1 ಎಂದು, ಎಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸವನ್ನು, ತಾನಾಗಿ ಬರೆಯುವುದುಂಟು. ಆದ್ದರಿಂದ ಪ್ರತಿ ಯಂತ್ರವೂ ತನ್ನ ಹೆಸರು ಹಿಡಿದು ಹುಡುಕಿದಾಗ ತನ್ನೊಳಗೇ ಬಂದು ಸೇರುತ್ತಿತ್ತು. ಹೊರಗಿನ ಜಾಲಕ್ಕೆ ಇಳಿಯುತ್ತಲೇ ಇರಲಿಲ್ಲ. ಅಂದಿನಿಂದ ನಾನು ಆ ಪಟ್ಟಿಯಲ್ಲಿ ಅಂಕಿಗಳನ್ನೇ ಬರೆಯುತ್ತ ಬಂದಿದ್ದೇನೆ. ಫೈರ್‌ವಾಲ್‌ನಲ್ಲಿ ಕೊರೊಸಿಂಕ್ ಬಳಸುವ ಪೋರ್ಟುಗಳು ತೆರೆದಿರಬೇಕೆಂಬುದನ್ನೂ, ಸದಸ್ಯರ ಗುಟ್ಟಿನ ಕೀಲಿಯಾದ ಆಥ್‌ಕೀ ಕಡತ ಎಲ್ಲ ಯಂತ್ರಗಳಲ್ಲಿ ಒಂದೇ ಆಗಿದ್ದು ರೂಟ್ ಬಳಕೆದಾರರಿಗೆ ಮಾತ್ರ ಓದಲು ಬರುವಂತಿರಬೇಕೆಂಬುದನ್ನೂ ಬಲ್ಲವರು ಬಲ್ಲರು.

ಇದೆಲ್ಲ ಸಣ್ಣ ಊರುಗಳ, ಕಡಿಮೆ ಸಂಬಳದ ಸಿಬ್ಬಂದಿಯ ಸಮಸ್ಯೆಯೆಂದು ಯಾರಾದರೂ ಭಾವಿಸಿದರೆ ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಲತಾಣವಾದ ಗಿಟ್‌ಹಬ್ ಸಂಸ್ಥೆಯವರು ತಾವೇ ಪ್ರಕಟಿಸಿದ ವರದಿಯನ್ನು ನೆನಪಿಸುತ್ತೇನೆ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವರ ಜಾಲ ಕೇಂದ್ರಕ್ಕೂ ಮುಖ್ಯ ಡೇಟಾ ಸೆಂಟರ್‌ಗೂ ನಡುವಿನ ಸಂಪರ್ಕ, ಉಪಕರಣವೊಂದನ್ನು ಬದಲಾಯಿಸುವಾಗ, 43 ಸೆಕೆಂಡು ಕಡಿದುಹೋಯಿತು. ಅಷ್ಟರಲ್ಲೇ ಉಳಿದ ಭಾಗ ಬಹುಮತ ಕಂಡುಕೊಂಡು ಡೇಟಾಬೇಸ್‌ಗಳ ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ಒಪ್ಪಿಸಿತು. ಪೂರ್ವದಲ್ಲಿ ಬರೆದಿದ್ದ ಕೊನೆಯ ಕೆಲವು ಸೆಕೆಂಡುಗಳ ನಮೂದುಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಆಮೇಲೆ ಬರೆದವು ಪೂರ್ವದಲ್ಲಿರಲಿಲ್ಲ. ಎಲ್ಲವನ್ನೂ ಸರಿಪಡಿಸಿ ಸೇವೆ ಮೊದಲಿನಂತಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಇಲ್ಲಿ ಗಮನಿಸಬೇಕಾದ್ದೆಂದರೆ, ಮತ ಎಣಿಕೆಯಲ್ಲಿ ಯಾವ ತಪ್ಪೂ ಆಗಿರಲಿಲ್ಲ. ದೇಶದ ಆ ತುದಿಗೆ ಯಜಮಾನಿಕೆ ಹೋದರೆ ಈ ತುದಿಯಲ್ಲಿರುವ ಅಪ್ಲಿಕೇಶನ್‌ಗಳು ಅಷ್ಟು ದೂರದ ವಿಳಂಬವನ್ನು ತಾಳಲಾರವೆಂಬುದನ್ನು ಸಂರಚನೆ ಗಣನೆಗೆ ತೆಗೆದುಕೊಂಡಿರಲಿಲ್ಲ. ರಾಜ್ಯದ ಎರಡು ಊರುಗಳಲ್ಲಿ ಒಂದೊಂದು ಸರ್ವರ್ ಇಟ್ಟು ಅವನ್ನು ಒಂದೇ ಗುಂಪಾಗಿ ಕಟ್ಟುವ ಯೋಜನೆ ಯಾರ ತಲೆಯಲ್ಲಾದರೂ ಇದ್ದರೆ, ಈ ಪ್ರಸಂಗವನ್ನು ಅವರು ಮೊದಲು ಓದಬೇಕು.

ಹಾಗಾದರೆ ಎರಡೇ ಸರ್ವರ್ ಕೊಳ್ಳುವ ಶಕ್ತಿಯಿರುವ ಸಂಘ ಏನು ಮಾಡಬೇಕು? ಮೂರನೆಯ ದೊಡ್ಡ ಸರ್ವರ್ ಬೇಕಿಲ್ಲ; ಮೂರನೆಯ ಮತ ಬೇಕು. ಕೊರೊಸಿಂಕ್‌ನ ಜೊತೆಯಲ್ಲೇ ಕ್ಯೂನೆಟ್‌ಡಿ ಎಂಬ ಮಧ್ಯಸ್ಥ ತಂತ್ರಾಂಶವಿದೆ. ಅದು ಯಾವ ಸೇವೆಯನ್ನೂ ನಡೆಸುವುದಿಲ್ಲ, ಯಾವ ಲೆಕ್ಕವನ್ನೂ ಇಟ್ಟುಕೊಳ್ಳುವುದಿಲ್ಲ. ಎರಡು ಯಂತ್ರಗಳು ಬೇರ್ಪಟ್ಟಾಗ ಒಂದಕ್ಕೆ ಮಾತ್ರ ತನ್ನ ಮತ ಕೊಡುತ್ತದೆ. ಟಿಸಿಪಿಯ 5403ನೆಯ ಪೋರ್ಟಿನಲ್ಲಿ ಕೂರುವ ಈ ಮಧ್ಯಸ್ಥನಿಗೆ ಒಂದು ಸಾಧಾರಣ ಕಂಪ್ಯೂಟರ್ ಧಾರಾಳ ಸಾಕು, ಮತ್ತು ಅದು ಅದೇ ಕಟ್ಟಡದಲ್ಲಿ ಇರದಿರುವುದೇ ಒಳ್ಳೆಯದು. ಕೊರೊಸಿಂಕ್‌ಗೆ ಸದಸ್ಯರ ನಡುವೆ ಕೆಲವೇ ಮಿಲಿಸೆಕೆಂಡುಗಳ ದೂರವಿರಬೇಕು. ಮಧ್ಯಸ್ಥನಾದರೋ ಅದಕ್ಕಿಂತ ಬಹಳ ಹೆಚ್ಚಿನ ವಿಳಂಬವನ್ನು ಸಹಿಸಿಕೊಳ್ಳುತ್ತಾನೆ, ಆದ್ದರಿಂದ ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕವೂ ನಡೆಯುತ್ತದೆ. ಮಧ್ಯಸ್ಥನೇ ಕೆಟ್ಟರೂ ಎರಡು ಸರ್ವರ್‌ಗಳು ಜೊತೆಗಿರುವವರೆಗೆ ಮೂರರಲ್ಲಿ ಎರಡು ಮತ ಇದ್ದೇ ಇರುತ್ತದೆ, ಕೆಲಸ ನಿಲ್ಲುವುದಿಲ್ಲ. ಇವನನ್ನು ಸೇರಿಸಿದ ಮೇಲೆ ಟೂ ನೋಡ್ ಎಂಬ ಆ ಸಾಲು ಕಡತದಲ್ಲಿ ಉಳಿಯಕೂಡದು, ಫೆನ್ಸಿಂಗ್ ಮಾತ್ರ ಉಳಿಯಲೇಬೇಕು.

ಎಲ್ಲಕ್ಕಿಂತ ಅನುಕೂಲದ ಸಂಗತಿಯೆಂದರೆ, ಒಬ್ಬ ಮಧ್ಯಸ್ಥ ಹಲವು ಗುಂಪುಗಳಿಗೆ ಏಕಕಾಲದಲ್ಲಿ ಮತ ನೀಡಬಲ್ಲ. ಪ್ರತಿ ಗುಂಪಿನ ಹೆಸರು ಬೇರೆ ಬೇರೆ ಆಗಿದ್ದರೆ ಸಾಕು. ಆದ್ದರಿಂದ ಪ್ರತಿ ಸಂಘವೂ ಮೂರನೆಯ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಸಹಕಾರ ಸಂಘಗಳ ಜಿಲ್ಲಾ ಒಕ್ಕೂಟಗಳು ತಮ್ಮ ಕಚೇರಿಯಲ್ಲಿ ಇಂಥ ಒಂದು ಯಂತ್ರವನ್ನು ಯುಪಿಎಸ್‌ನೊಂದಿಗೆ ನಿಲ್ಲಿಸಿದರೆ, ಜೋಡಿ ಸರ್ವರ್ ಇರುವ ಜಿಲ್ಲೆಯ ಎಲ್ಲ ಸದಸ್ಯ ಸಂಘಗಳಿಗೂ ಅದೇ ಮೂರನೆಯ ಮತವಾಗಬಲ್ಲದು. ಒಕ್ಕೂಟದ ಯಂತ್ರಕ್ಕೆ ಸಂಘದ ಲೆಕ್ಕಪತ್ರ ಒಂದಕ್ಷರವೂ ಹೋಗುವುದಿಲ್ಲವಾದ್ದರಿಂದ ಗೋಪ್ಯತೆಯ ಆತಂಕಕ್ಕೂ ಕಾರಣವಿಲ್ಲ.

ಇದರೊಂದಿಗೆ, ಜೋಡಿ ಸರ್ವರ್ ಕೊಳ್ಳುವ ಪ್ರತಿ ಟೆಂಡರ್‌ನಲ್ಲೂ ಒಂದು ಷರತ್ತು ಇರಲೆಂದು ಕೋರುತ್ತೇನೆ: ಬಾಕಿ ಹಣ ಪಾವತಿಗೆ ಮುನ್ನ, ಖರೀದಿಸಿದವರ ಎದುರಿನಲ್ಲಿ, ಕೆಲಸದ ಹೊತ್ತಿನಲ್ಲಿ ಎರಡು ಸರ್ವರ್‌ಗಳ ನಡುವಿನ ಕೇಬಲ್‌ಗಳನ್ನು ಒಂದೊಂದಾಗಿ, ಆಮೇಲೆ ಎರಡನ್ನೂ ಒಟ್ಟಿಗೆ ಕೈಯಿಂದ ಕಿತ್ತು ತೋರಿಸಬೇಕು, ಕಿತ್ತ ಮೇಲೆ ಹತ್ತು ನಿಮಿಷ ಕುಳಿತು ನೋಡಬೇಕು. ಕೀಲಿಮಣೆಯಿಂದ ಜಾಲದ ಸಂಪರ್ಕ ನಿಲ್ಲಿಸುವ ಐಎಫ್‌ಡೌನ್ ಎಂಬ ಆಜ್ಞೆ ಕೊಟ್ಟು ಇದನ್ನೇ ಮಾಡಿದಂತೆ ತೋರಿಸುವವರಿದ್ದಾರೆ. ಕೊರೊಸಿಂಕ್‌ನ ಹಳೆಯ ಆವೃತ್ತಿಗಳು ಹಾಗೆ ಮಾಡಿದಾಗ ಯಂತ್ರದೊಳಗಿನದೇ ವಿಳಾಸವಾದ 127.0.0.1ಕ್ಕೆ ಅಂಟಿಕೊಂಡು ಬೇರೆಯೇ ರೀತಿಯಲ್ಲಿ ಕೆಡುತ್ತಿದ್ದವಾದ್ದರಿಂದ ಆ ಪರೀಕ್ಷೆ ಪರೀಕ್ಷೆಯಲ್ಲ. ನಮ್ಮ ಸಂಸ್ಥೆಯ ಆ ಪುಟ್ಟ ಸ್ವಿಚ್‌ನ ಅಡಾಪ್ಟರನ್ನು ಒಪ್ಪಿಸಿಕೊಳ್ಳುವ ದಿನ ನಾನೇ ಒಮ್ಮೆ ಕಿತ್ತು ನೋಡಿದ್ದರೆ ರಸೀದಿ ಸಂಖ್ಯೆ 4186 ಒಂದೇ ಇರುತ್ತಿತ್ತು.

ಮಧ್ಯಸ್ಥ ಯಂತ್ರವನ್ನು ನಿಲ್ಲಿಸಿ ಸಂಘಗಳ ಸರ್ವರ್‌ಗಳಿಗೆ ಜೋಡಿಸುವ ಕ್ರಮವನ್ನು, ಕಡತದ ಪ್ರತಿ ಸಾಲಿನ ಅರ್ಥದೊಂದಿಗೆ, ಕನ್ನಡದಲ್ಲಿ ಹನ್ನೊಂದು ಪುಟಗಳಷ್ಟು ಬರೆದಿಟ್ಟಿದ್ದೇನೆ. ಕೇಳಿ ಪತ್ರ ಬರೆಯುವ ಯಾವ ಸಂಘಕ್ಕಾದರೂ ತಮ್ಮ ಕಚೇರಿಯ ಮೂಲಕ ತಲುಪಿಸಲು ಅನುಮತಿ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಿಸ್ಟಂ ಅಡ್ಮಿನಿಸ್ಟ್ರೇಟರ್, ಶಿವಮೊಗ್ಗ